ತಿಪ್ಪೇಶ ಅನ್ನುವ ಹೆಸರನ್ನು ಬದಲಿಸಲೇ?

ಪ್ರಶ್ನೆ: ನನ್ನ ಹೆಸರು ತಿಪ್ಪೇಶ, ವಯಸ್ಸು 24. ಊರು ಚಳ್ಳಕೆರೆ ಕಡೆ, ಕೆಲಸ ಬೆಂಗಳೂರಿನಲ್ಲಿ. ಶಾಲೆಯಲ್ಲಿ ಮೇಷ್ಟ್ರೇ 'ತಿಪ್ಪೆ' ಎಂದು ಕರೆದು ನಗಿಸುತ್ತಿದ್ದರು. ಈಗ ಆಫೀಸಿನಲ್ಲಿ ಯಾರಾದರೂ ಅರ್ಥ ಕೇಳಿದರೆ ಮಾತು ಮರೆಸುತ್ತೇನೆ. ಈ ಹೆಸರು ಎಲ್ಲಿಂದ ಬಂತು? ಈಗಲೂ ಯಾರಾದರೂ ಇಡುತ್ತಾರಾ? ಬದಲಿಸಿಕೊಂಡರೆ ತಪ್ಪಾ?

ಉತ್ತರ: ತಿಪ್ಪೇಶ ಅವರೇ, ನನ್ನ ಸೋದರತ್ತೆಯ ಹೆಸರು ತಿಪ್ಪಮ್ಮ. ಹಾಗಾಗಿ ಇದು ನನಗೆ ಮನೆಯ ಮಾತೇ.

ಅರ್ಥವನ್ನು ಮರೆಸುವುದು ಬೇಡ. ತಿಪ್ಪೆ ಅಂದರೆ ಕಸ, ಸಗಣಿ ಹಾಕುವ ಗುಡ್ಡೆ. ನಮ್ಮತ್ತೆಗಿಂತ ಮುಂಚೆ ಅಜ್ಜಿಗೆ ಮೂರು ಮಕ್ಕಳು ಹುಟ್ಟಿ, ಮೂರೂ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ಸೂಲಗಿತ್ತಿ ಕೂಸನ್ನು ಮೊರದಲ್ಲಿ ಮಲಗಿಸಿ, ಹಳೇ ಸೀರೆ ತುಂಡು ಹೊದಿಸಿ, ಹಿತ್ತಿಲ ತಿಪ್ಪೆಯ ಮೇಲೆ ಇಟ್ಟಳು. ಪಕ್ಕದ ಮನೆಯಾಕೆ ಏನೂ ಗೊತ್ತಿಲ್ಲದವಳ ಹಾಗೆ ಬಂದು, "ಯಾರದೋ ಕೂಸು, ನನಗೆ ಸಿಕ್ತು" ಎಂದು ಎತ್ತಿಕೊಂಡಳು. ಅಜ್ಜಿ ಅವಳಿಗೆ ಒಂದು ಸೇರು ತೌಡು ಕೊಟ್ಟು ಮಗುವನ್ನು ಕೊಂಡುಕೊಂಡಳು. ತನ್ನ ಮಗುವನ್ನೇ! ಸಾವು ಬಾಗಿಲಿಗೆ ಬಂದರೆ 'ಇದು ತಿಪ್ಪೆಯಲ್ಲಿ ಸಿಕ್ಕಿದ್ದು, ಯಾರಿಗೂ ಬೇಡದ್ದು' ಎಂದು ಬಿಟ್ಟು ಹೋಗಲಿ ಅನ್ನುವ ಆಸೆ ಅದು. ಅತ್ತೆ 86 ವರ್ಷ ಬಾಳಿದರು. ಎತ್ತಿಕೊಂಡಾಕೆಯನ್ನೂ ಕೊನೆಯವರೆಗೆ ಅವ್ವ ಎಂದೇ ಕರೆದರು. ಮದುವೆಯಲ್ಲಿ ಮೊದಲು ಉಟ್ಟದ್ದು ಆ ಅವ್ವ ಕೊಟ್ಟ ಸೀರೆಯನ್ನೇ.

ನೂರು ವರ್ಷದ ಹಿಂದೆ ನಮ್ಮ ದೇಶದಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮೊದಲ ಹುಟ್ಟುಹಬ್ಬ ನೋಡುತ್ತಿರಲಿಲ್ಲ. ಸಿಡುಬು, ಭೇದಿ, ಜ್ವರ, ಯಾವುದಕ್ಕೂ ಸರಿಯಾದ ಮದ್ದಿಲ್ಲ. ತಾಯಿಯ ಕೈಯಲ್ಲಿ ಇದ್ದದ್ದು ಹೆಸರು ಮಾತ್ರ. ಕಲ್ಲಪ್ಪ, ಗುಂಡಪ್ಪ, ಕಾಡಪ್ಪ ಅನ್ನುವ ಹೆಸರುಗಳನ್ನೂ ಎಷ್ಟೋ ಮನೆಗಳಲ್ಲಿ ಇದೇ ಭಯಕ್ಕೆ ಇಟ್ಟಿದ್ದಾರೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ತಮಿಳಿನಲ್ಲಿ ಕುಪ್ಪೆ ಅಂದರೆ ಕಸ. ಅಲ್ಲಿ ಕುಪ್ಪುಸಾಮಿ, ಕುಪ್ಪಮ್ಮ ಇದ್ದಾರೆ. ತ್ಯಾಗರಾಜರ ಶಿಷ್ಯ ವೀಣೆ ಕುಪ್ಪಯ್ಯರ್ ಹೆಸರಲ್ಲೂ ಅದೇ ಕುಪ್ಪ ಇದೆ. ತೆಲುಗಿನಲ್ಲಿ ತಿಪ್ಪೆಗೆ ಪೆಂಟ ಅನ್ನುತ್ತಾರೆ, ಅಲ್ಲಿ ಪೆಂಟಯ್ಯ, ಪೆಂಟಮ್ಮ. ಬಂಗಾಳದ ಖುದಿರಾಂ ಬೋಸ್ ಗೊತ್ತಲ್ವಾ? 1908ರಲ್ಲಿ, ಹದಿನೆಂಟರ ಹರೆಯದಲ್ಲಿ ನೇಣಿಗೇರಿದ ಹುಡುಗ. ಅವನಿಗಿಂತ ಮುಂಚೆ ಎರಡು ಗಂಡು ಮಕ್ಕಳು ತೀರಿಕೊಂಡಿದ್ದವು. ಅದಕ್ಕೇ ಹೆತ್ತವರು ಅವನನ್ನು ಮೂರು ಹಿಡಿ ನುಚ್ಚಿಗೆ ಅಕ್ಕನಿಗೆ ಮಾರಿದಂತೆ ಮಾಡಿದರು. ಖುದ್ ಅಂದರೆ ನುಚ್ಚು, ಹೆಸರು ಅದರಿಂದಲೇ ಬಂತು.

ಇನ್ನು ಇದು ಬಡವರ ಹೆಸರು ಎಂದು ಯಾರಾದರೂ ಅಂದರೆ ವಿಜಯನಗರದ ಕಡೆ ಕೈ ತೋರಿಸಿ. ಸಾಳುವ ಮನೆತನದಲ್ಲಿ ತಿಪ್ಪ ಎಂಬ ಹೆಸರಿನ ದೊರೆಗಳಿದ್ದರು. ವಾಮನ ಎಂಬ ಸಂಸ್ಕೃತ ಪಂಡಿತ ಕಾವ್ಯದ ಬಗ್ಗೆ ಬರೆದ ಗ್ರಂಥಕ್ಕೆ 'ಕಾಮಧೇನು' ಎಂಬ ವ್ಯಾಖ್ಯಾನ ಬರೆದವನು ಆ ಮನೆತನದ ಗೋಪೇಂದ್ರ ತಿಪ್ಪ ಭೂಪಾಲ. ಕೆಲವರು ಟಿಪ್ಪು ಎಂಬ ಹೆಸರನ್ನೂ ಇದಕ್ಕೆ ಗಂಟು ಹಾಕುತ್ತಾರೆ. ಅದು ಬೇರೆ. ಟಿಪ್ಪು ಸುಲ್ತಾನನಿಗೆ ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರಿಟ್ಟದ್ದು.

ಆದರೆ ನಿಮ್ಮದು ಚಳ್ಳಕೆರೆ ಕಡೆ ಅಂದಿರಲ್ಲ, ಅಲ್ಲಿ ಕಥೆ ಇನ್ನೊಂದು ಇರಬಹುದು. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿ ನಿಮ್ಮ ತಾಲ್ಲೂಕಿನವರೇ. 'ಮಾಡಿದಷ್ಟು ನೀಡು ಭಿಕ್ಷೆ' ಎಂದವರು. ಬರದ ಸೀಮೆಯಲ್ಲಿ ಐದು ಕೆರೆ ಕಟ್ಟಿಸಿದರು ಎಂದು ಜನ ಇವತ್ತಿಗೂ ನೆನೆಯುತ್ತಾರೆ. ಫಾಲ್ಗುಣದ ಜಾತ್ರೆಯಲ್ಲಿ ಹರಕೆ ಹೊತ್ತವರು ಒಣ ಕೊಬ್ಬರಿ ಸುಡುವುದನ್ನು ನೀವು ಚಿಕ್ಕಂದಿನಿಂದ ನೋಡಿರಬೇಕು. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಕಡೆ ಮನೆಮನೆಗೂ ತಿಪ್ಪೇಸ್ವಾಮಿ, ತಿಪ್ಪಮ್ಮ ಸಿಗುವುದು ಹೆಚ್ಚಾಗಿ ಈ ಸ್ವಾಮಿಯ ಹೆಸರಿಂದ. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಅವರೂ ಆ ಸೀಮೆಯವರೇ. ಆಮೇಲೆ 'ಸ್ವಾಮಿ' ಹೋಗಿ 'ಈಶ' ಸೇರಿ, ರಮೇಶ, ಸುರೇಶರ ಸಾಲಿಗೆ ತಿಪ್ಪೇಶನೂ ಬಂದ. ಬೇರೆ ಕಡೆ ಈ ಹೆಸರು ಕಡಿಮೆಯಾಗುತ್ತಿದೆ. ಲಸಿಕೆ ಬಂತು, ಆಸ್ಪತ್ರೆ ಬಂತು, 1975ಕ್ಕೆ ದೇಶದಲ್ಲಿ ಸಿಡುಬೇ ನಿಂತಿತು. ಆ ಭಯ ಹೋದದ್ದಕ್ಕೆ ನನಗೆ ತುಂಬಾ ಸಂತೋಷ.

ನಗುವವರಿಗೆ ತಿಪ್ಪೆ ಬರೀ ಕಸ. ಬೇಸಾಯ ಮಾಡುವವರಿಗೆ ಅದು ವರ್ಷದ ಗೊಬ್ಬರ. ಬಹಳ ಹಳ್ಳಿಗಳಲ್ಲಿ ದೀಪಾವಳಿಗೆ ತಿಪ್ಪೆಗೂ ಒಂದು ದೀಪ ಇಡುತ್ತಾರೆ. ನಿಮ್ಮ ಮೇಷ್ಟ್ರು ಮಾಡಿದ್ದು ತಪ್ಪು. ಮಗುವಿನ ಹೆಸರಿಟ್ಟುಕೊಂಡು ತರಗತಿಯನ್ನು ನಗಿಸಬಾರದು.

ಬದಲಿಸಿಕೊಳ್ಳುವುದು ತಪ್ಪಲ್ಲ. ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಗೆಜೆಟ್‌ನಲ್ಲಿ ಹಾಕಿಸಿದರೆ ಆಯಿತು. ಆದರೆ ಅದಕ್ಕೂ ಮುಂಚೆ ಒಂದು ಸಲ ಊರಿಗೆ ಹೋಗಿ. ಅಮ್ಮನ ಹತ್ತಿರ ಕೂತು ಕೇಳಿ: ಹಟ್ಟಿ ಸ್ವಾಮಿಗೆ ಹರಕೆ ಹೊತ್ತಿದ್ದೆಯಾ, ಇಲ್ಲಾ ನನಗಿಂತ ಮುಂಚೆ ಯಾರಾದರೂ ಹುಟ್ಟಿ ಹೋಗಿದ್ದರಾ? ಅವರು ಏನಂದರು ಎಂದು ನನಗೂ ಬರೆಯಿರಿ. ಕಾಯುತ್ತೇನೆ.