ನಿಮ್ಮ ‘ಗ್ರೀಕರ ನ್ಯಾಯ’ ಲೇಖನದ ಬಗ್ಗೆ

ಆತ್ಮೀಯರೇ,

ಪ್ಲೇಟೊ ಮತ್ತು ಅರಿಸ್ಟಾಟಲ್ ಕಂಡ ನ್ಯಾಯ, ಆದರ್ಶ ಸಮಾಜಗಳನ್ನು ಹೋಲಿಸಿ ನೀವು ಬರೆದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ನೀವು ತಿದ್ದಿ ಮತ್ತೆ ಕಳಿಸಬೇಕು ಎಂಬ ಆಸೆಯಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು. ಪ್ಲೇಟೊ ಕಲ್ಪಿಸಿದ ಆದರ್ಶ ನಗರದಲ್ಲಿ ‘ಯಾರಿಗೂ ಸ್ವಂತ ಆಸ್ತಿ ಇಲ್ಲ’ ಎಂದಿದ್ದೀರಿ. ಆಸ್ತಿ, ಸಂಸಾರ ಎರಡೂ ಬೇಡ ಎಂದು ಅವನು ಹೇಳಿದ್ದು ಆಳುವವರಿಗೆ ಮತ್ತು ಕಾಯುವವರಿಗೆ ಮಾತ್ರ. ರೈತರ, ಕುಶಲಕರ್ಮಿಗಳ ಮನೆ-ಹೊಲ ಅವರವರದೇ. ಅಧಿಕಾರ ಇದ್ದವರ ಕೈಗೆ ಹಣ ಸೇರಬಾರದು ಎಂಬುದೇ ಅವನ ಯೋಜನೆಯ ಜೀವಾಳ. ‘ಇದು ನಮ್ಮ ಚಾತುರ್ವರ್ಣ್ಯವೇ’ ಎಂಬ ಸಾಲನ್ನೂ ಮತ್ತೆ ನೋಡಿ. ಆಳುವವರಲ್ಲಿ ಚಿನ್ನ, ಕಾಯುವವರಲ್ಲಿ ಬೆಳ್ಳಿ, ದುಡಿಯುವವರಲ್ಲಿ ಕಬ್ಬಿಣ-ಕಂಚು ಬೆರೆತಿದೆ ಎಂಬುದು ಅವನು ಕಟ್ಟಿದ ಕಥೆ. ಕಂಚಿನವರ ಮನೆಯಲ್ಲಿ ಚಿನ್ನದ ಮಗು ಹುಟ್ಟಿದರೆ ಅದನ್ನು ಮೇಲಕ್ಕೇರಿಸಬೇಕು, ಆಳುವವರ ಮನೆಯ ಕಂಚಿನ ಮಗುವನ್ನು ಕನಿಕರ ತೋರದೆ ಕೆಳಗಿಳಿಸಬೇಕು ಎನ್ನುತ್ತಾನೆ ಪ್ಲೇಟೊ. ಅದನ್ನು ಬಿಟ್ಟು ಹೋಲಿಸುವುದು ಸರಿಯಲ್ಲ.

ದೊಡ್ಡ ತೊಂದರೆ ಬೇರೆ ಇದೆ. ಎಡಕ್ಕೆ ಪ್ಲೇಟೊ, ಬಲಕ್ಕೆ ಅರಿಸ್ಟಾಟಲ್ ಎಂದು ಲೇಖನ ಪರೀಕ್ಷೆಯ ಉತ್ತರಪತ್ರಿಕೆಯಂತಾಗಿದೆ. ಅವರು ಯಾರ ಮಾತಿಗೆ ಉತ್ತರ ಕೊಡುತ್ತಿದ್ದಾರೆ ಎಂಬುದೇ ಕಾಣುವುದಿಲ್ಲ. ಪ್ಲೇಟೊವಿನ ಸಂವಾದ ಗ್ರಂಥ ‘ರಿಪಬ್ಲಿಕ್’ನ ಮಾತುಕತೆ ನಡೆಯುವುದು ಅಥೆನ್ಸ್‌ನ ಪಿರೇಯಸ್ ಬಂದರಿನಲ್ಲಿ, ಪೊಲೆಮಾರ್ಕಸನ ಮನೆಯಲ್ಲಿ. ಗೆಳೆಯರಿಗೆ ಒಳಿತು, ಶತ್ರುಗಳಿಗೆ ಕೇಡು ಮಾಡುವುದೇ ನ್ಯಾಯ ಎಂದು ಅವನು ವಾದಿಸುತ್ತಾನೆ. ಬಲಶಾಲಿಗೆ ಲಾಭವಾಗುವುದೇ ನ್ಯಾಯ ಎಂದು ವಾದಪಟು ಥ್ರಸಿಮಾಕಸ್ ಮಾತಿಗೆ ನುಗ್ಗುತ್ತಾನೆ. ನೀವು ಇಬ್ಬರನ್ನೂ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

ಪೊಲೆಮಾರ್ಕಸನದು ಗುರಾಣಿ ಮಾಡಿಸುತ್ತಿದ್ದ ವಲಸಿಗ ಕುಟುಂಬ. ಕ್ರಿ.ಪೂ. 404ರಲ್ಲಿ ಅಥೆನ್ಸ್ ‘ಮೂವತ್ತು ಮಂದಿ’ ಎಂಬ ನಿರಂಕುಶ ಆಳರಸರ ಗುಂಪಿನ ಕೈಗೆ ಸಿಕ್ಕಿತು. ಅವರು ಪೊಲೆಮಾರ್ಕಸನನ್ನು ವಿಚಾರಣೆಯಿಲ್ಲದೆ ವಿಷ ಕುಡಿಸಿ ಕೊಂದರು, ಆಸ್ತಿ ದೋಚಿದರು. ಅವನ ಹೆಂಡತಿಯ ಕಿವಿಯಲ್ಲಿದ್ದ ಚಿನ್ನದ ಓಲೆಯನ್ನೂ ಬಿಡಲಿಲ್ಲ. ಸಹೋದರ ಲಿಸಿಯಸ್ ಇದನ್ನೆಲ್ಲ ಹೇಳಿದ ಭಾಷಣ ಇಂದಿಗೂ ಉಳಿದಿದೆ. ಆ ಮೂವತ್ತರ ಮುಂದಾಳು ಕ್ರಿಟಿಯಸ್ ಪ್ಲೇಟೊಗೆ ತಾಯಿಯ ಕಡೆಯ ಬಂಧು. ಮರಳಿ ಬಂದ ಪ್ರಜಾಪ್ರಭುತ್ವವೋ, ಕ್ರಿ.ಪೂ. 399ರಲ್ಲಿ ಪ್ಲೇಟೊವಿನ ಗುರು ಸಾಕ್ರೆಟಿಸನಿಗೆ ಮರಣದಂಡನೆ ಕೊಟ್ಟಿತು. ಕೆಲವರ ಆಳ್ವಿಕೆ, ಬಹುಜನರ ಆಳ್ವಿಕೆ ಎರಡರಲ್ಲೂ ಪ್ಲೇಟೊ ಯಾಕೆ ನಂಬಿಕೆ ಕಳೆದುಕೊಂಡ ಎಂದು ನೀವು ವಿವರಿಸುವುದೇ ಬೇಡ. ಇಷ್ಟನ್ನು ಹೇಳಿದರೆ ಓದುಗರಿಗೇ ಹೊಳೆಯುತ್ತದೆ.

ಅರಿಸ್ಟಾಟಲನ ಭಾಗ ಚೆನ್ನಾಗಿದೆ. ಒಳ್ಳೆಯ ಕೊಳಲು ಸೇರಬೇಕಾದ್ದು ದೊಡ್ಡ ಮನೆತನದವನಿಗಲ್ಲ, ಚೆನ್ನಾಗಿ ನುಡಿಸುವವನಿಗೆ ಎಂಬ ಅವನ ಉದಾಹರಣೆಯನ್ನು ಸೊಗಸಾಗಿ ಬಿಡಿಸಿದ್ದೀರಿ. ಆದರೆ ಪ್ಲೇಟೊವಿನ ಶಾಲೆ ಅಕಾಡೆಮಿಯಲ್ಲಿ ಸುಮಾರು 20 ವರ್ಷ ಇದ್ದವನು ಗುರುವಿನ ನಗರವನ್ನು ನೇರವಾಗಿ ಪ್ರಶ್ನಿಸುವುದು ತನ್ನ ‘ಪಾಲಿಟಿಕ್ಸ್’ ಪುಸ್ತಕದ ಎರಡನೇ ಭಾಗದಲ್ಲಿ. ಹಲವರಿಗೆ ಸೇರಿದ್ದನ್ನು ಜೋಪಾನ ಮಾಡುವವರು ಕಡಿಮೆ. ಸಾವಿರ ಮಂದಿಗೆ ಮಗನಾದವನನ್ನು ಎಲ್ಲರೂ ಒಂದೇ ಸಮ ಕಡೆಗಣಿಸುತ್ತಾರೆ ಎನ್ನುತ್ತಾನೆ. ನಿಮ್ಮ ಲೇಖನದಲ್ಲಿ ಈ ಜಗಳವೇ ಇಲ್ಲ.

ಅವನನ್ನು ‘ಸಮಾನತೆಯ ಚಿಂತಕ’ ಎಂದು ಕರೆದದ್ದನ್ನಂತೂ ನಾನು ಒಪ್ಪಲಾರೆ. ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದು ಅದೇ ಪುಸ್ತಕದ ಮೊದಲ ಭಾಗದಲ್ಲಿ ಸಮರ್ಥಿಸಿದ್ದಾನೆ. ಯೋಗ್ಯತೆಯಿದ್ದರೆ ಹೆಣ್ಣೂ ಆಳಬಹುದು ಎಂದವನು ನೀವು ‘ಸರ್ವಾಧಿಕಾರಿ’ ಎಂದು ಜರೆದ ಪ್ಲೇಟೊ. ಈ ತೊಡಕನ್ನು ಮುಚ್ಚಿಡಬೇಡಿ, ಅದರ ಸುತ್ತಲೇ ಬರೆಯಿರಿ.

ವ್ಯಾಖ್ಯೆಗಳ ಮೊದಲೆರಡು ಪುಟ ತೆಗೆಯಿರಿ. ಪಿರೇಯಸ್‌ನಿಂದ ಶುರುಮಾಡಿ. ‘ಇಂದಿನ ಯುವಕರು ಕಲಿಯಬೇಕಾದ್ದು’ ಎಂಬ ಕೊನೆಯ ಪ್ಯಾರಾ ಬೇಡವೇ ಬೇಡ. ಹೊಸ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ