ಮಂಡಿ ನೋವಿರುವ ಅಮ್ಮನ ಜೊತೆ ಜೈಸಲ್ಮೇರ್‌ನಲ್ಲಿ ಎಲ್ಲಿ ನಡೆಯಬಹುದು?

ನಮಸ್ಕಾರ. ಡಿಸೆಂಬರ್‌ನಲ್ಲಿ ಬೆಂಗಳೂರಿಂದ ಜೈಸಲ್ಮೇರ್‌ಗೆ ಹೋಗುತ್ತಿದ್ದೇವೆ, ಅಮ್ಮನಿಗೆ ಮಂಡಿ ನೋವು, ಮರಳುಗಾಡಿನಲ್ಲಿ ಸುಲಭವಾದ ಪುಟ್ಟ ನಡಿಗೆ ಇದೆಯಾ ಅಂತ ಕೇಳಿದ್ದೀರಿ. ಇದೆ. ಕಲ್ಲಾದ ಮರಗಳಿರುವ ಆಕಲ್ ಫಾಸಿಲ್ ಪಾರ್ಕ್‌ಗೆ ಕರೆದುಕೊಂಡು ಹೋಗಿ. ಊರಿಂದ ಸುಮಾರು 17 ಕಿ.ಮೀ., ಬಾರ್ಮೇರ್ ರಸ್ತೆಯಲ್ಲಿ. ನೆಲ ಗಟ್ಟಿ, ಕಾಲು ಹೂತುಹೋಗುವುದಿಲ್ಲ. ಮಂಡಿಗೆ ಮುಖ್ಯ ಅದೇ ಅಲ್ವಾ?

ಲಾಲ್‌ಬಾಗ್‌ನಲ್ಲಿ ಕಲ್ಲಾದ ಮರ ನೋಡಿರುತ್ತೀರಿ. ತಮಿಳುನಾಡಿನ ತಿರುವಕ್ಕರೈಯಿಂದ ತಂದದ್ದು, ಸುಮಾರು 2 ಕೋಟಿ ವರ್ಷ ಹಳೆಯದು. ಆಕಲ್‌ನ ಮರಗಳಿಗೆ ಸುಮಾರು 18 ಕೋಟಿ ವರ್ಷ! ಈಗ ಹುಲ್ಲಿಗೂ ಕಷ್ಟವಿರುವ ಆ ಬಯಲು ಆಗ ಕಾಡಾಗಿತ್ತು. ಅಮ್ಮನಿಗೆ ಇದನ್ನು ಹೇಳಿ, ಖಂಡಿತ ಖುಷಿಪಡುತ್ತಾರೆ.

ಮರಳ ದಿಬ್ಬವೂ ಬೇಕೆಂದರೆ ಸಮ್ ಎಂಬಲ್ಲಿಗೆ ಹೋಗಿ, ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ಸಂಜೆ ಜನ, ಒಂಟೆ, ಜೀಪು ಎಲ್ಲ ಜಾಸ್ತಿ. ಬೆಳಿಗ್ಗೆಯೇ ಒಳ್ಳೆಯದು. ಗಾಳಿ ಬಂದು ಬಡಿಯುವ ಬದಿಯಿಂದ ಅಮ್ಮನನ್ನು ಹತ್ತಿಸಿ. ಅಲ್ಲಿ ಇಳಿಜಾರು ಕಡಿಮೆ, ಮರಳೂ ಗಟ್ಟಿ. ಆಚೆ ಬದಿ ಕಡಿದಾಗಿ, ಸಡಿಲವಾಗಿರುತ್ತದೆ. ಆ ಕಡೆ ಬೇಡವೇ ಬೇಡ.

ಬೆಳಗಿನ ಚಳಿ ನಮ್ಮೂರಿನದಕ್ಕಿಂತ ಜೋರು, ಸ್ವೆಟರ್ ಮರೆಯಬೇಡಿ. ನೆರಳು ಕಡಿಮೆ, ನೀರು ನೀವೇ ಒಯ್ಯಿರಿ.