ಮೆಮ್‌ಕಾಪಿಯಿಂದ ಅರೇ ಸರಿಸಿದರೆ ಒಂದೇ ಸಂಖ್ಯೆ ಮತ್ತೆ ಮತ್ತೆ ಬರುವುದೇಕೆ?

ಮಂಡ್ಯದ ಆಲೆಮನೆಗೆ ಬಂದ ಕೊನೆಯ 10 ಗಾಡಿ ಕಬ್ಬಿನ ತೂಕ ಸಿ ಪ್ರೋಗ್ರಾಮಿನ ಒಂದು ಇಂಟ್ (ಪೂರ್ಣಾಂಕ) ಅರೇಯಲ್ಲಿದೆ, ಹೊಸ ತೂಕಕ್ಕೆ ಮೊದಲ ಸ್ಥಾನ ಬಿಡಿಸಲು ಉಳಿದವನ್ನು, ಬೈಟ್‌ಗಳನ್ನು ನಕಲಿಸುವ ಮೆಮ್‌ಕಾಪಿಯಲ್ಲಿ ಒಂದೊಂದು ಸ್ಥಾನ ಸರಿಸಿದ್ದೇನೆ, ಲ್ಯಾಬಿನಲ್ಲಿ ಸರಿ ಬಂದದ್ದು ಮನೆಯ ಲ್ಯಾಪ್‌ಟಾಪಿನಲ್ಲಿ ಕೆಡುತ್ತದೆ ಅಂದಿದ್ದೀರಿ. ಎರಡು ಕಂಪ್ಯೂಟರೂ ಸರಿಯಾಗಿಯೇ ಇವೆ.

ಎಲ್ಲಿಂದ ನಕಲು, ಎಲ್ಲಿಗೆ ನಕಲು ಎಂಬ ಎರಡು ಜಾಗಗಳು ಒಂದರ ಮೇಲೊಂದು ಬಿದ್ದಾಗ ಮೆಮ್‌ಕಾಪಿ ಏನು ಮಾಡಬೇಕೆಂದು ಸಿ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಅರೇಯಲ್ಲಿ 1850, 2100, 1975 ಇದೆ ಅನ್ನಿ. ಮೊದಲಿನಿಂದ ಒಂದೊಂದೇ ನಕಲಾದರೆ 1850 ಹೋಗಿ 2100ರ ಮೇಲೆ ಕೂರುತ್ತದೆ; ಮುಂದೆ ಎತ್ತಿಕೊಳ್ಳುವುದು ಆ 1850ನ್ನೇ. ಕೊನೆಯಿಂದ ನಕಲಾದರೆ ಎಲ್ಲ ಸರಿ. ಯಾವ ಕಡೆಯಿಂದ ಎಂಬುದು ಲೈಬ್ರರಿಯ ಆವೃತ್ತಿ, ಪ್ರೊಸೆಸರ್ ನೋಡಿ ಬದಲಾಗುತ್ತದೆ. 2010ರಲ್ಲಿ ಫೆಡೋರಾ 14 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಫ್ಲ್ಯಾಶ್ ಪ್ಲೇಯರಿನ ಧ್ವನಿ ಕೆಟ್ಟದ್ದು ಇದೇ ಕಾರಣಕ್ಕೆ.

ಜಾಗಗಳು ಒಂದರ ಮೇಲೊಂದು ಬಿದ್ದರೂ ಸರಿಯಾಗಿ ನಕಲಿಸುವುದು ಮೆಮ್‌ಮೂವ್. ಹೀಗೆ ಬರೆಯಿರಿ:

ಮೆಮ್‌ಮೂವ್(ತೂಕ + 1, ತೂಕ, 9 * ಸೈಜ್‌ಆಫ್ ತೂಕ[0]);
ತೂಕ[0] = ಹೊಸತು;

ಮೆಮ್‌ಮೂವ್‌ಗೆ ಕೊಡುವ ಮೂರನೆಯದು ಬೈಟ್‌ಗಳ ಲೆಕ್ಕ. ಬರೀ 9 ಕೊಟ್ಟರೆ, 4 ಬೈಟಿನ ಇಂಟ್ ಇರುವಲ್ಲಿ, ಎರಡು ಸಂಖ್ಯೆ ಮತ್ತು ಮೂರನೆಯದರ ಒಂದು ಬೈಟ್ ಮಾತ್ರ ಸರಿಯುತ್ತದೆ. 9ರ ಬದಲು 10 ಹಾಕಿ ಗುಣಿಸಿದರೆ ಅರೇಯ ಆಚೆ 4 ಬೈಟ್ ಬರೆದುಬಿಡುತ್ತೀರಿ, ಇದು ಇನ್ನೂ ಅಪಾಯ. ಈ ಕೆಲಸವನ್ನು ಫಂಕ್ಷನ್ನಿಗೆ ಒಯ್ದರೆ ಸೈಜ್‌ಆಫ್ ತೂಕ 40 ಅಲ್ಲ, ಪಾಯಿಂಟರಿನ (ವಿಳಾಸ ಹಿಡಿದಿಡುವ ಚರದ) ಗಾತ್ರ. 64 ಬಿಟ್ ಕಂಪ್ಯೂಟರಿನಲ್ಲಿ 8. ಹಾಗಾಗಿ ಸಂಖ್ಯೆಗಳ ಎಣಿಕೆಯನ್ನು ಬೇರೆಯಾಗಿಯೇ ಕಳಿಸಿ.

ಎಲ್ಲಕ್ಕೂ ಆರಂಭದಲ್ಲಿ 1 ತುಂಬಲು ಮೆಮ್‌ಸೆಟ್ ಬಳಸಬೇಡಿ. ಅದು ಪ್ರತಿ ಬೈಟಿಗೂ 1 ತುಂಬುತ್ತದೆ, ಇಂಟ್ 16843009 ಆಗುತ್ತದೆ. ಸೊನ್ನೆ ತುಂಬಲು ಅಡ್ಡಿಯಿಲ್ಲ.

10ರ ಮಿತಿ ತೆಗೆಯಬೇಕೆಂದಿದ್ದೀರಿ. ಅರೇಯನ್ನು ಮೊದಲಿನಿಂದಲೇ, ಪ್ರೋಗ್ರಾಂ ಓಡುವಾಗ ಜಾಗ ಕೊಡುವ ಮ್ಯಾಲಾಕ್‌ನಲ್ಲಿ ಪಡೆದು, ತುಂಬಿದಾಗ ಆ ಜಾಗದ ಗಾತ್ರ ಬದಲಿಸುವ ರಿಯಾಲಾಕ್‌ನಿಂದ ಇಮ್ಮಡಿ ಮಾಡಿ. ಆದರೆ ಫಲವನ್ನು ನೇರವಾಗಿ ಅದೇ ಪಾಯಿಂಟರಿಗೆ ಹಾಕಬೇಡಿ: ಜಾಗ ಸಿಗದಿದ್ದರೆ ನಲ್ (ಎಲ್ಲಿಗೂ ತೋರಿಸದ ಖಾಲಿ ವಿಳಾಸ) ಬರುತ್ತದೆ, ಹಳೆಯ ವಿಳಾಸ ಕಳೆದು ತೂಕಗಳೆಲ್ಲ ಕೈತಪ್ಪುತ್ತವೆ. ಬೇರೊಂದು ಪಾಯಿಂಟರಿನಲ್ಲಿ ಹಿಡಿದು, ನಲ್ ಅಲ್ಲವೆಂದು ನೋಡಿದ ಮೇಲೆ ಬದಲಿಸಿ. ಅರೇಯ ಒಳಗಿನ ಯಾವುದಾದರೂ ತೂಕದ ವಿಳಾಸವನ್ನು ಮೊದಲೇ ತೆಗೆದಿಟ್ಟುಕೊಂಡಿದ್ದರೆ ಅದೂ ಇನ್ನು ನಂಬುವಂತಿಲ್ಲ. ಇಡೀ ಬ್ಲಾಕ್ ಬೇರೆ ಕಡೆಗೆ ಹೋಗಿರಬಹುದು.

ಸದ್ಯಕ್ಕೆ ನಿಮ್ಮ ಹಳೆಯ ಕೋಡನ್ನೇ ಜಿಸಿಸಿ ಕಂಪೈಲರಿನಲ್ಲಿ, ಮೆಮೊರಿ ತಪ್ಪುಗಳನ್ನು ಹಿಡಿಯುವ -ಜಿ -ಎಫ್‌ಸ್ಯಾನಿಟೈಜ್=ಅಡ್ರೆಸ್ ಕೊಟ್ಟು ಕಂಪೈಲ್ ಮಾಡಿ ಓಡಿಸಿ. ಮೆಮ್‌ಕಾಪಿಯ ಜಾಗಗಳು ಎಲ್ಲಿ ಒಂದರ ಮೇಲೊಂದು ಬಿದ್ದಿವೆ ಎಂಬುದನ್ನು ಅದು ಸಾಲಿನ ಸಂಖ್ಯೆಯ ಸಮೇತ ತೋರಿಸುತ್ತದೆ.